ರಿವರ್ಸ್ ಗೇರಿಗೆ ಹಾಕಿದರೂ ಪರದೆ ಕಪ್ಪು: ಹಳೆಯ ಪಿಕಪ್‌ನ ಹಿಂಬದಿ ಕ್ಯಾಮೆರಾ ಕೈಕೊಟ್ಟಾಗ

ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯ ಹುಡುಗನೊಬ್ಬ ಪಿಕಪ್ ತಂದು ನಿಲ್ಲಿಸಿದ. “ಅಣ್ಣ, ಇದು ಮೂರನೆಯ ಕ್ಯಾಮೆರಾ. ಹಾಕಿಸಿ ಹದಿನೈದು ದಿನಕ್ಕೆ ಇದೂ ಹೋಯಿತು” ಎಂದ. ಹಳೆಯ ಎರಡನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಸೀಟಿನ ಕೆಳಗೆ ಇಟ್ಟುಕೊಂಡಿದ್ದ. ಮೂರನ್ನೂ ಮೇಜಿನ ಮೇಲಿಟ್ಟು ಒಂದೊಂದಾಗಿ ಬ್ಯಾಟರಿಗೆ ಕೊಟ್ಟು ನೋಡಿದೆ. ಮೂರೂ ಚೆನ್ನಾಗಿದ್ದವು. ಕೆಟ್ಟಿದ್ದದ್ದು ಟೇಲ್ ಲ್ಯಾಂಪಿನ ಹಿಂದಿದ್ದ ಒಂದು ಅರ್ತ್ ಬೋಲ್ಟ್, ಅಂದರೆ ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಹಿಂದಿರುಗಲು ವೈರನ್ನು ಬಾಡಿಗೆ ಬಿಗಿದ ಬೋಲ್ಟ್. ಸ್ಪ್ಯಾನರ್ ಇಟ್ಟು ತಿರುಗಿಸಿದರೆ ತುಕ್ಕು ಚಕ್ಕೆ ಚಕ್ಕೆಯಾಗಿ ಅಂಗೈಗೆ ಉದುರಿತು.

ಮಲೆನಾಡಿನಲ್ಲಿ ಕ್ಯಾಮೆರಾ ಕೆಡುವುದಕ್ಕಿಂತ ಕ್ಯಾಮೆರಾಗೆ ಕರೆಂಟ್ ಹೋಗಿಬರುವ ದಾರಿ ಕೆಡುವುದೇ ಹೆಚ್ಚು. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಆ ದಾರಿಯನ್ನು ಹಿಂದಿನಿಂದ ಮುಂದಕ್ಕೆ ಒಮ್ಮೆ ನೋಡಿ. ಬಹುಪಾಲು ಪರೀಕ್ಷೆಗಳಿಗೆ ಹಣ ಬೇಕಾಗಿಲ್ಲ, ಒಂದು ಬೆಳಗಿನ ಹೊತ್ತು ಸಾಕು.

ಬೊಲೆರೊ ಪಿಕಪ್, ಟಾಟಾ 207, ದೋಸ್ತ್‌ನಂಥ ಹಳೆಯ ಗಾಡಿಗಳಿಗೆ ಕಾರ್ಖಾನೆಯಿಂದ ಕ್ಯಾಮೆರಾ ಬರುತ್ತಿರಲಿಲ್ಲ. ನಮ್ಮ ದೇಶದಲ್ಲಿ ಹೊಸ ಪ್ರಯಾಣಿಕ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾದದ್ದೇ 2019ರ ಜುಲೈ 1ರಿಂದ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರು, ಪಿಕಪ್‌ಗಳಿಗೆ ಕ್ಯಾಮೆರಾವೇ ಕಡ್ಡಾಯ. ಹಾಗಾಗಿ ಹಳೆಯ ಗಾಡಿಯಲ್ಲಿ ಇರುವುದೆಲ್ಲ ಹೊರಗಿನಿಂದ ಹಾಕಿಸಿದ್ದು, ಹಳೆಯ ವೈರಿಂಗಿಗೆ ಹೊಸದನ್ನು ಕಟ್ಟಿದ್ದು. ಅದರ ಅಗತ್ಯ ನಮ್ಮಲ್ಲಿ ಪೇಟೆಗಿಂತ ಹೆಚ್ಚು. ತೋಟದ ಮನೆಯ ದಾರಿ ಎಂದರೆ ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಅಗಳ. ತಿರುಗಿಸಲು ಜಾಗವಿಲ್ಲದೆ ದಣಪೆಯ ಗೇಟಿನಿಂದ ಅಂಗಳದವರೆಗೂ ರಿವರ್ಸಿನಲ್ಲೇ ಬರುವ ಮನೆಗಳು ಎಷ್ಟೋ ಇವೆ. ಅಡಿಕೆ ಮೂಟೆ ಹೇರಿದ ಪಿಕಪ್‌ನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಆಡುವ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ.

ಕೈ ಹಾಕುವ ಮೊದಲು

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ. ಎಂಜಿನ್ ಆರಿಸಿ, ಕೀಲಿಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ, ಆಮೇಲೆ ರಿವರ್ಸ್ ಗೇರಿಗೆ ಹಾಕಿ. ಕ್ಯಾಮೆರಾ ಏಳಲು ಇಷ್ಟು ಸಾಕು. ಎಂಜಿನ್ ಓಡುತ್ತಿರುವಾಗ ರಿವರ್ಸ್ ಗೇರಿನಲ್ಲಿಟ್ಟು ಯಾರೂ ಹಿಂದೆ ನಿಂತು ನೋಡಬಾರದು. ಕ್ಲಚ್ ಮೇಲಿನ ಕಾಲು ಒಂದು ಕ್ಷಣ ಜಾರಿದರೆ ಗಾಡಿ ಹಿಂದಕ್ಕೆ ನೆಗೆಯುತ್ತದೆ. ಇಳಿಜಾರಿನಲ್ಲಿ ನಿಂತ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವ ಧೈರ್ಯ ಬೇಡ.

ವೈರ್ ಕತ್ತರಿಸುವ, ಜೋಡಿಸುವ ಕೆಲಸವಿದ್ದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ. ಗಾಡಿಯ ಬಾಡಿಯಲ್ಲಿ ತೂತು ಕೊರೆಯುವುದಿದ್ದರೆ ಅದರ ಹಿಂದೆ ಡೀಸೆಲ್ ಟ್ಯಾಂಕ್, ಡೀಸೆಲ್ ಪೈಪ್, ಬ್ರೇಕ್ ಪೈಪ್ ಏನಿದೆ ಎಂದು ಬಗ್ಗಿ ನೋಡಿಕೊಳ್ಳಿ.

ಉಪಕರಣ ಹೆಚ್ಚು ಬೇಡ. ಒಂದು ಸಾದಾ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್. ಟೆಸ್ಟ್ ಲ್ಯಾಂಪನ್ನು ಹಳೆಯ ಇಂಡಿಕೇಟರ್ ಹೋಲ್ಡರ್, 21 ವ್ಯಾಟ್ ಬಲ್ಬ್ ಮತ್ತು ಎರಡು ತುಂಡು ವೈರಿನಿಂದ ನೀವೇ ಮಾಡಿಕೊಳ್ಳಬಹುದು. ಇದು ಮೀಟರಿಗಿಂತ ಒಂದು ವಿಷಯದಲ್ಲಿ ಮೇಲು. ಒಳಗೆ ಹತ್ತು ಎಳೆ ಹರಿದು ಒಂದೇ ಎಳೆ ಉಳಿದಿರುವ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಬಲ್ಬ್ ಸುಮಾರು ಎರಡು ಆಂಪಿಯರ್ ಎಳೆಯುವುದರಿಂದ ಅಂಥ ವೈರಿನ ಗುಟ್ಟು ಕೂಡಲೇ ರಟ್ಟಾಗುತ್ತದೆ.

ದಾರಿ ಹೀಗಿದೆ: ಗೇರ್ ಬಾಕ್ಸಿನ ಮೇಲಿರುವ ರಿವರ್ಸ್ ಸ್ವಿಚ್‌ನಿಂದ ಹಿಂದಿನ ರಿವರ್ಸ್ ಲೈಟಿಗೆ ಕರೆಂಟ್ ಬರುತ್ತದೆ. ಕ್ಯಾಮೆರಾದ ಕೆಂಪು ವೈರ್ ಆ ಲೈಟಿನ ಪಾಸಿಟಿವ್‌ಗೆ, ಕಪ್ಪು ವೈರ್ ಅರ್ತಿಗೆ. ಚಿತ್ರ ಹಳದಿ ಆರ್‌ಸಿಎ ಪಿನ್ನಿನ ಕೇಬಲ್ ಮೂಲಕ ಚಾಸಿಯುದ್ದಕ್ಕೂ ಹಾದು ಡ್ಯಾಶ್‌ಬೋರ್ಡಿನ ಪರದೆಗೆ ಬರುತ್ತದೆ. ಆ ಕೇಬಲಿನ ಎರಡೂ ತುದಿಯಲ್ಲಿ ತೆಳ್ಳಗಿನ ಒಂದು ಕೆಂಪು ಎಳೆ ಇಣುಕುತ್ತಿರುತ್ತದೆ. ‘ಗೇರ್ ರಿವರ್ಸಿಗೆ ಬಿತ್ತು, ಏಳು’ ಎಂದು ಪರದೆಗೆ ಹೇಳುವುದು ಅದರ ಕೆಲಸ.

ಲಕ್ಷಣ: ಪರದೆಯಲ್ಲಿ ಬೆಳಕೇ ಇಲ್ಲ

ಮೊದಲು ಕೈಯಿಂದ ಮರೆ ಮಾಡಿ ಹತ್ತಿರದಿಂದ ನೋಡಿ. ಪೂರ್ತಿ ಕತ್ತಲೆಯೋ, ಅಥವಾ ಹಿಂದಿನಿಂದ ಮಂದ ಬೆಳಕು ಬಂದು ಚಿತ್ರ ಮಾತ್ರ ಇಲ್ಲವೋ? ಮಂದ ಬೆಳಕಿದ್ದರೆ ಪರದೆ ಜೀವಂತವಾಗಿದೆ, ಮುಂದಿನ ಲಕ್ಷಣಕ್ಕೆ ಹೋಗಿ.

ಪೂರ್ತಿ ಕತ್ತಲೆಯಾಗಿದ್ದರೆ ಪರದೆಯ ಬಟನ್ ಒತ್ತಿ ನೋಡಿ. ಬಟನ್ನಿಗೆ ಎದ್ದು, ಗೇರಿಗೆ ಏಳದಿದ್ದರೆ ಆ ತೆಳ್ಳನೆಯ ಕೆಂಪು ಎಳೆ ಎಲ್ಲೋ ಬಿಟ್ಟುಹೋಗಿದೆ. ಹಾಕಿಕೊಟ್ಟವರು ಅದನ್ನು ಜೋಡಿಸದೆಯೇ ಟೇಪ್ ಸುತ್ತಿಟ್ಟಿರುವುದನ್ನೂ ನೋಡಿದ್ದೇನೆ. ಬಟನ್ನಿಗೂ ಏಳದಿದ್ದರೆ ಫ್ಯೂಸ್ ನೋಡಿ, ಆಮೇಲೆ ಪರದೆಯ ಕೆಂಪು ವೈರ್ ಎಲ್ಲಿಂದ ಕರೆಂಟ್ ತೆಗೆದುಕೊಂಡಿದೆ ಎಂದು ಹುಡುಕಿ. ಸ್ಟೀರಿಯೊದಿಂದಲೋ ಸಿಗರೇಟ್ ಲೈಟರ್‌ನಿಂದಲೋ ಕವಲು ತೆಗೆದಿರುತ್ತಾರೆ. ಆ ಸ್ಟೀರಿಯೊ ಅಥವಾ ಲೈಟರ್ ಕೂಡ ಕೆಲಸ ಮಾಡುತ್ತಿಲ್ಲವೆಂದರೆ ಎರಡಕ್ಕೂ ಇರುವ ಒಂದೇ ಫ್ಯೂಸ್ ಹೋಗಿದೆ. ಗಾಡಿ ಹಲವು ದಿನ ನಿಂತಲ್ಲೇ ಇದ್ದರೆ ಇಲಿಯನ್ನೂ ನೆನಪಿಡಿ. ಸೊಪ್ಪಿನ ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಗಳ ಡ್ಯಾಶ್‌ಬೋರ್ಡಿನ ಕೆಳಗೆ ಕಡಿದ ವೈರ್, ಅದರ ಪಕ್ಕದಲ್ಲೇ ಭತ್ತದ ಹೊಟ್ಟು ಸಿಗುವುದು ಅಪರೂಪವಲ್ಲ.

ಲಕ್ಷಣ: ಪರದೆ ಏಳುತ್ತದೆ, ಆದರೆ ನೀಲಿ ಅಥವಾ ‘ನೋ ಸಿಗ್ನಲ್’

ನೆಟ್ಟಗೆ ಹಿಂದಕ್ಕೆ ಹೋಗಿ ರಿವರ್ಸ್ ಲೈಟ್ ನೋಡಿ. ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಲೈಟ್ ಉರಿಯುತ್ತಿಲ್ಲ ಎಂದರೆ ಕ್ಯಾಮೆರಾವನ್ನು ಮರೆತುಬಿಡಿ. ಬಲ್ಬ್ ತೆಗೆದು ತಂತಿ ನೋಡಿ, ಹೋಲ್ಡರಿನೊಳಗೆ ಹಸಿರು ಕಿಲುಬು ಇದೆಯೇ ನೋಡಿ. ಬಲ್ಬ್ ಸರಿಯಿದ್ದು ಹೋಲ್ಡರಿಗೆ ಕರೆಂಟ್ ಬರದಿದ್ದರೆ ಫ್ಯೂಸ್. ಫ್ಯೂಸೂ ಸರಿಯಿದ್ದರೆ ಗೇರ್ ಬಾಕ್ಸಿನ ಸ್ವಿಚ್. ಅದಕ್ಕೆ ಎರಡು ವೈರ್ ಬರುತ್ತವೆ. ಎಂಜಿನ್ ಆರಿಸಿ ಕೀಲಿ ಮಾತ್ರ ಆನ್ ಇಟ್ಟು, ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ. ಲೈಟ್ ಉರಿದರೆ ವೈರಿಂಗ್ ಸರಿಯಿದೆ, ಸ್ವಿಚ್ ಹೋಗಿದೆ. ಉರಿಯದಿದ್ದರೆ ದೋಷ ವೈರಿನಲ್ಲಿದೆ.

ಸ್ವಿಚ್ ಬದಲಾಯಿಸುವುದನ್ನು ಮೆಕ್ಯಾನಿಕ್‌ಗೆ ಬಿಡಿ ಎಂದೇ ನನ್ನ ಸಲಹೆ. ಹಳೆಯ ಗಾಡಿಗಳಲ್ಲಿ ಅದು ಕೆಸರು ತಿಂದು ಕಚ್ಚಿಕೊಂಡಿರುತ್ತದೆ. ಬಲ ಹಾಕಿದರೆ ಗೇರ್ ಬಾಕ್ಸಿನ ಥ್ರೆಡ್ಡೇ ಕಿತ್ತುಬರುತ್ತದೆ. ಬಿಚ್ಚಿದಾಗ ಗೇರ್ ಆಯಿಲ್ ಸೋರುವುದೂ ಉಂಟು.

ಲೈಟ್ ಚೆನ್ನಾಗಿ ಉರಿಯುತ್ತಿದೆ ಎಂದರೆ ಕ್ಯಾಮೆರಾದ ಹತ್ತಿರ ಬನ್ನಿ. ಹಳದಿ ಪಿನ್ ಎಳೆದು ನೋಡಿ. ಅದು ಟ್ರೇಯ ಕೆಳಗೆ, ಚಕ್ರದ ಕೆಸರು ಚಿಮ್ಮುವ ಜಾಗದಲ್ಲಿ ಬರಿಯ ಟೇಪ್ ಸುತ್ತಿಕೊಂಡು ಜೋತಾಡುತ್ತಿರುತ್ತದೆ. ಒಂದು ಗಾಡಿಯಲ್ಲಿ ಆ ಟೇಪನ್ನು ಬಿಡಿಸಿದಾಗ ಒಳಗಿನಿಂದ ಅರ್ಧ ಚಮಚದಷ್ಟು ಕೆಂಪು ನೀರು ಇಳಿಯಿತು. ಟೇಪ್ ನೀರನ್ನು ಹೊರಗಿಡುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಅದು ನೀರನ್ನು ಒಳಗೆ ಹಿಡಿದಿಡುತ್ತದೆ. ಪಿನ್ನನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಒಣಗಿಸಿ ಜೋಡಿಸಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಜೋಡಣೆಯನ್ನು ಸಾಧ್ಯವಾದಷ್ಟು ಎತ್ತರದಲ್ಲಿ ಕಟ್ಟಿ.

ಇಷ್ಟಾದರೂ ಚಿತ್ರ ಬರದಿದ್ದರೆ ನಿರ್ಣಾಯಕ ಪರೀಕ್ಷೆ ಮಾಡಿ. ಕ್ಯಾಮೆರಾವನ್ನು ಬಿಚ್ಚಿ ಕ್ಯಾಬಿನ್ನಿಗೇ ತನ್ನಿ. ಉದ್ದದ ಕೇಬಲನ್ನು ಬದಿಗಿಟ್ಟು ಕ್ಯಾಮೆರಾದ ಪಿನ್ನನ್ನು ನೇರವಾಗಿ ಪರದೆಗೆ ಚುಚ್ಚಿ, ಕೆಂಪು–ಕಪ್ಪು ವೈರುಗಳನ್ನು ಒಂದು ಆಂಪಿಯರ್ ಫ್ಯೂಸ್ ಮೂಲಕ ಬ್ಯಾಟರಿಗೆ ಕೊಡಿ. ಚಿತ್ರ ಬಂತೇ? ಕ್ಯಾಮೆರಾ, ಪರದೆ ಎರಡೂ ಸರಿಯಿವೆ. ಕೇಬಲೋ ಹಿಂದಿನ ಕರೆಂಟೋ ಕೆಟ್ಟಿದೆ. ಬರಲಿಲ್ಲವೇ? ಆಗ ಮಾತ್ರ ಕ್ಯಾಮೆರಾವನ್ನು ದೂರಬಹುದು. ಹಾಗೆ ದೂರುವ ಮೊದಲು ಪರಿಚಯದವರ ಗಾಡಿಯ ಪರದೆಗೆ ಒಮ್ಮೆ ಚುಚ್ಚಿ ನೋಡಿ.

ಹೊಸ ಕ್ಯಾಮೆರಾ ಹಾಕಿದ ದಿನವೇ ಚಿತ್ರ ಬರಲಿಲ್ಲವೆಂದರೆ ಕಾರಣ ಬೇರೆ ಇರಬಹುದು. ಈಗ ಬರುವ ಕೆಲವು ಕ್ಯಾಮೆರಾಗಳು ಎಎಚ್‌ಡಿ ಎಂಬ ಹೊಸ ಬಗೆಯ ಸಿಗ್ನಲ್ ಕೊಡುವಂಥವು, ಹಳೆಯ ಪರದೆಗಳಿಗೆ ತಿಳಿಯುವುದು ಸಿವಿಬಿಎಸ್ ಎಂಬ ಹಳೆಯ ಸಿಗ್ನಲ್ ಮಾತ್ರ. ಪಿನ್ ಎರಡಕ್ಕೂ ಒಂದೇ, ಹಳದಿ. ಚುಚ್ಚಿದರೆ ಸರಿಯಾಗಿ ಕೂರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ, ಇಲ್ಲವೇ ಚಿಂದಿ ಚಿಂದಿ ಪಟ್ಟೆಗಳಾಗಿ ಬರುತ್ತದೆ. ಡಬ್ಬಿಯ ಮೇಲಿನ ಬರಹ ನೋಡಿ ಹೊಂದುವುದನ್ನು ಕೇಳಿ ತನ್ನಿ. ಬಣ್ಣವಿಲ್ಲದೆ ಕಪ್ಪು ಬಿಳುಪಾಗಿ ಬಂದರೆ, ಅಥವಾ ಚಿತ್ರ ಮೇಲಿನಿಂದ ಕೆಳಗೆ ಉರುಳುತ್ತಿದ್ದರೆ ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಎರಡು ವಿಡಿಯೊ ಮಾದರಿಗಳು ತಾಳೆಯಾಗಿಲ್ಲ. ಪರದೆಯ ಮೆನುವಿನಲ್ಲಿ ಅದನ್ನು ಬದಲಾಯಿಸಬಹುದು.

ಲಕ್ಷಣ: ಚಿತ್ರ ಬರುತ್ತದೆ, ಹೋಗುತ್ತದೆ

ನನ್ನ ಬಳಿ ಬರುವ ಗಾಡಿಗಳಲ್ಲಿ ಇದೇ ಹೆಚ್ಚು. ಗುಂಡಿಗೆ ಇಳಿದಾಗ ಮಾತ್ರ ಹೋಗುತ್ತದೆಯೇ, ಮಳೆ ಬಂದಾಗ ಹೋಗುತ್ತದೆಯೇ, ಬ್ರೇಕ್ ಒತ್ತಿದಾಗ ಹೋಗುತ್ತದೆಯೇ ಎಂದು ಒಂದೆರಡು ದಿನ ಗಮನಿಸಿ. ಯಾವಾಗ ಹೋಗುತ್ತದೆ ಎನ್ನುವುದೇ ಎಲ್ಲಿ ಕೆಟ್ಟಿದೆ ಎನ್ನುವುದನ್ನು ಹೇಳುತ್ತದೆ.

ಕುಲುಕಿದಾಗ ಹೋದರೆ ಸಡಿಲ ಜೋಡಣೆ. ಹಿಂದಿನ ಡೋರಿಗೆ ಕ್ಯಾಮೆರಾ ಕೂರಿಸಿದ್ದರೆ ಕೀಲಿನ ಹತ್ತಿರ ವೈರ್ ಮಡಚಿ ಮಡಚಿ ಒಳಗೇ ತುಂಡಾಗಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ. ಒಬ್ಬರು ಪರದೆ ನೋಡುತ್ತಿರಲಿ, ಇನ್ನೊಬ್ಬರು ವೈರನ್ನು ಗೇಣು ಗೇಣಾಗಿ ಅಲುಗಿಸುತ್ತ ಬರಲಿ. ಚಿತ್ರ ಹಾರಿದ ಗೇಣಿನಲ್ಲೇ ದೋಷ. ಡೋರನ್ನು ದಿನಕ್ಕೆ ಹತ್ತು ಸಲ ಬೀಳಿಸುವ ಗಾಡಿಯಾದರೆ ಕ್ಯಾಮೆರಾವನ್ನು ಅಲ್ಲಿಂದ ತೆಗೆದು ಚಾಸಿಯ ಹಿಂದಿನ ಅಡ್ಡಪಟ್ಟಿಗೆ ಕೂರಿಸುವುದು ಒಳ್ಳೆಯದು.

ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಸರಿಯಾಗಿ ಚಿತ್ರ ಮಿನುಗಿದರೆ, ಅಥವಾ ಬ್ರೇಕ್ ಒತ್ತಿದಾಗ ಮಂಕಾದರೆ, ಅರ್ತ್ ಕೆಟ್ಟಿದೆ. ಅನುಮಾನವೇ ಬೇಡ. ಟೇಲ್ ಲ್ಯಾಂಪಿನ ಎಲ್ಲ ಬಲ್ಬ್‌ಗಳೂ ಕ್ಯಾಮೆರಾವೂ ಒಂದೇ ಅರ್ತ್ ಬೋಲ್ಟಿನಿಂದ ಹಿಂದಿರುಗಬೇಕು. ಆ ದಾರಿ ಕಿರಿದಾದಾಗ ಒಂದು ಬಲ್ಬ್ ಉರಿದರೆ ಉಳಿದವಕ್ಕೆ ಜಾಗ ಸಾಲುವುದಿಲ್ಲ.

ಇದನ್ನು ಅಳೆದೇ ನೋಡಬಹುದು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಕ್ಯಾಮೆರಾದ ಕಪ್ಪು ವೈರಿಗೆ, ಇನ್ನೊಂದನ್ನು ಉದ್ದ ವೈರ್ ಕಟ್ಟಿ ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. ರಿವರ್ಸ್ ಲೈಟ್ ಉರಿಯುತ್ತಿರಲಿ. 0.2 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಬೋಲ್ಟ್ ಬಿಚ್ಚಲೇಬೇಕು. ಮೊದಲು ಹೇಳಿದ ಹುಡುಗನ ಗಾಡಿಯಲ್ಲಿ ಮೀಟರ್ ಮೂರು ವೋಲ್ಟಿನ ಹತ್ತಿರ ಓಲಾಡುತ್ತಿತ್ತು. ಅಷ್ಟು ಸೋರಿದ ಮೇಲೆ ಕ್ಯಾಮೆರಾಗೆ ಉಳಿಯುವುದೆಷ್ಟು? ಕರೆಂಟ್ 10 ವೋಲ್ಟಿಗಿಂತ ಕೆಳಗಿಳಿದರೆ ಹಲವು ಕ್ಯಾಮೆರಾಗಳು ಎದ್ದು ಎದ್ದು ಬೀಳುತ್ತವೆ.

ನಮ್ಮ ಕಡೆ ಅರ್ತ್ ಇಷ್ಟು ಬೇಗ ಕೆಡುವುದಕ್ಕೆ ಮಳೆಯೊಂದೇ ಕಾರಣವಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಚೀಲ, ಡ್ರಮ್ ಎಲ್ಲವೂ ಹೋಗುವುದು ಈ ಪಿಕಪ್‌ನಲ್ಲೇ. ದ್ರಾವಣ ಹದವಾಗಿದೆಯೇ ಎಂದು ಕಬ್ಬಿಣದ ಚಾಕು ಅದ್ದಿ ನೋಡುತ್ತೀರಲ್ಲ, ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದು ಕೂತಿದೆ ಎಂದು ಅದರ ಅರ್ಥ. ಚೆಲ್ಲಿದ ಮೈಲುತುತ್ತದ ನೀರು ಟ್ರೇಯ ಸಂದಿಯಿಂದ ಇಳಿದು ಅರ್ತ್ ಬೋಲ್ಟಿಗೂ ಅದನ್ನೇ ಮಾಡುತ್ತದೆ. ಸ್ಪ್ರೇ ಮುಗಿದ ದಿನ ಟ್ರೇಗೂ ಕೆಳಗಿನ ಚಾಸಿಗೂ ಸಾದಾ ನೀರು ಹೊಯ್ದು ತೊಳೆಯಿರಿ. ಯೂರಿಯಾ, ಪೊಟ್ಯಾಷ್ ತಂದಾಗಲೂ ಹಾಗೆಯೇ.

ಬೋಲ್ಟ್ ಬಿಚ್ಚಿದ ಮೇಲೆ ಬಾಡಿಯ ಬಣ್ಣವನ್ನು ಎಂಟಾಣೆ ನಾಣ್ಯದಗಲ ಉಜ್ಜಿ, ಬೆಳ್ಳಗೆ ಲೋಹ ಕಾಣುವಂತೆ ಮಾಡಿ. ವೈರನ್ನು ಬೋಲ್ಟಿಗೆ ಸುತ್ತಬೇಡಿ, ತುದಿಗೆ ಲಗ್ (ಲೋಹದ ಉಂಗುರ) ಒತ್ತಿಸಿ. ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಧಾರಾಳವಾಗಿ ಪೆಟ್ರೋಲಿಯಂ ಜೆಲ್ಲಿ ಮೆತ್ತಿ. ಚಾಸಿಯೇ ಸವೆದು ಪದರ ಪದರವಾಗಿ ಏಳುತ್ತಿದ್ದರೆ ಅಲ್ಲಿ ಅರ್ತ್ ಹುಡುಕುವುದು ವ್ಯರ್ಥ. ಬ್ಯಾಟರಿಯ ನೆಗೆಟಿವ್‌ನಿಂದಲೇ ಒಂದು ದಪ್ಪ ಕಪ್ಪು ವೈರನ್ನು ಹಿಂದಿನವರೆಗೂ ಎಳೆಸಿ. ವೈರಿಗೆ ಕೆಲವು ನೂರು ರೂಪಾಯಿ ಖರ್ಚಾಗಬಹುದು, ಆದರೆ ಟೇಲ್ ಲ್ಯಾಂಪುಗಳೂ ಹೊಸದರಂತೆ ಬೆಳಗುತ್ತವೆ.

ಇಲ್ಲೊಂದು ಎಚ್ಚರಿಕೆ. ಟೇಲ್ ಲ್ಯಾಂಪಿನ ಅರ್ತ್ ಪೂರ್ತಿ ಹರಿದರೆ ಬಲ್ಬ್‌ಗಳ ಕರೆಂಟ್ ಬೇರೆ ದಾರಿ ಕಾಣದೆ ಕ್ಯಾಮೆರಾದ ಕೇಬಲಿನ ಹೊರಕವಚದ ಮೂಲಕ ಪರದೆಗೆ ಬಂದು ಅಲ್ಲಿಂದ ಅರ್ತಿಗೆ ಹೋಗುತ್ತದೆ. ಆ ಕೇಬಲ್ ಅಷ್ಟು ಭಾರ ಹೊರಲು ಮಾಡಿದ್ದಲ್ಲ. ದೀಪ ಮಂಕಾಗಿ ಉರಿಯುತ್ತ, ಡ್ಯಾಶ್‌ಬೋರ್ಡಿನ ಬಳಿ ಕೇಬಲ್ ಮುಟ್ಟಿದರೆ ಬೆಚ್ಚಗೆ ಇದ್ದರೆ ಹಳದಿ ಪಿನ್ನನ್ನು ಕೂಡಲೇ ಎಳೆದು ಬಿಡಿ. ಅರ್ತ್ ಸರಿಯಾಗುವವರೆಗೆ ಮತ್ತೆ ಚುಚ್ಚಬೇಡಿ.

ಲಕ್ಷಣ: ಎಂಜಿನ್ ಓಡುವಾಗ ಮಾತ್ರ ಗೆರೆಗಳು

ಎಂಜಿನ್ ಆರಿಸಿದಾಗ ಚಿತ್ರ ತಿಳಿಯಾಗಿದ್ದು, ಓಡುವಾಗ ಅಡ್ಡ ಗೆರೆಗಳು ಹರಿದಾಡಿದರೆ, ಆಕ್ಸಿಲರೇಟರ್ ಒತ್ತಿದಂತೆ ಅವು ಚುರುಕಾದರೆ, ಆಲ್ಟರ್ನೇಟರಿನ ಗದ್ದಲ ಚಿತ್ರದೊಳಗೆ ಬರುತ್ತಿದೆ. ಮೊದಲು ಮೇಲೆ ಹೇಳಿದಂತೆ ಅರ್ತ್ ಸರಿಪಡಿಸಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ವಿಡಿಯೊ ಕೇಬಲ್ ಬ್ಯಾಟರಿಯ ದಪ್ಪ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಸಾಗಿದೆಯೇ ನೋಡಿ, ಬೇರೆ ಬದಿಯಿಂದ ಎಳೆಯಿರಿ. ಉಳಿದ ಕೇಬಲನ್ನು ಸುರುಳಿ ಸುತ್ತಿ ಬ್ಯಾಟರಿಯ ಪಕ್ಕ ತುರುಕಬೇಡಿ.

ಗೆರೆಗಳು ರಿವರ್ಸ್ ಹಾರ್ನಿನ ತಾಳಕ್ಕೆ ಕುಣಿದರೆ ತಪ್ಪು ಹಾರ್ನಿನದು. ಹಾಡುವ, ಮಾತನಾಡುವ ಹಾರ್ನುಗಳನ್ನು ಅದೇ ರಿವರ್ಸ್ ಲೈಟಿನ ವೈರಿಗೆ ಕಟ್ಟಿರುತ್ತಾರೆ. ಇದಕ್ಕೆ ರಿಲೇ ಹಾಕಿಸುವುದು ಸರಿಯಾದ ಪರಿಹಾರ. ರಿಲೇಯ 86ಕ್ಕೆ ರಿವರ್ಸ್ ಲೈಟಿನ ವೈರ್, 85 ಅರ್ತಿಗೆ, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಕ್ಯಾಮೆರಾ. ಆಗ ಹಳೆಯ ವೈರ್ ಬರಿಯ ಸನ್ನೆ ಕೊಡುತ್ತದೆ, ಕ್ಯಾಮೆರಾಗೆ ಶುದ್ಧ ಕರೆಂಟ್ ನೇರ ಬ್ಯಾಟರಿಯಿಂದ ಬರುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. 15 ದಾಟಿದ್ದರೆ, ಅಥವಾ ಚಾರ್ಜಿಂಗ್ ದೀಪ ಉರಿಯುತ್ತಿದ್ದರೆ, ಕ್ಯಾಮೆರಾ ಕೆಲಸ ಅಲ್ಲಿಗೇ ನಿಲ್ಲಿಸಿ ಆಲ್ಟರ್ನೇಟರ್ ತೋರಿಸಿ. ಬಿಟ್ಟರೆ ಬ್ಯಾಟರಿಯೂ ಬಲ್ಬ್‌ಗಳೂ ಹೋಗುತ್ತವೆ.

ಲಕ್ಷಣ: ಚಿತ್ರ ಮಬ್ಬು, ಹಾಲು ಚೆಲ್ಲಿದಂತೆ

ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಕೆಸರಿರಬಹುದು, ಜೇಡನ ಬಲೆಯಿರಬಹುದು. ಬೇಸಿಗೆಯಲ್ಲಿ ಕಣಜದ ಹುಳು ಸರಿಯಾಗಿ ಗಾಜಿನ ಮೇಲೆಯೇ ಮಣ್ಣಿನ ಗೂಡು ಕಟ್ಟಿರುವುದನ್ನೂ ತೆಗೆದಿದ್ದೇನೆ. ಒಣಬಟ್ಟೆಯಿಂದ ಕೆಂಪುಮಣ್ಣನ್ನು ತಿಕ್ಕಿದರೆ ಗಾಜಿಗೆ ಗೀರು ಬೀಳುತ್ತದೆ. ಆ ಗೀರು ಮತ್ತೆ ಹೋಗುವುದಿಲ್ಲ.

ಒರೆಸಿದರೂ ಹೋಗದ ಹಬೆ ಒಳಗಿನದು. ಬೆಳಿಗ್ಗೆ ಮಬ್ಬಾಗಿದ್ದು ಬಿಸಿಲೇರಿದಂತೆ ತಿಳಿಯಾದರೆ ಸ್ವಲ್ಪ ತೇವ ಸೇರಿದೆ ಎಂದರ್ಥ. ಬಿಚ್ಚಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ನಾಲ್ಕು ದಿನ ಇಡಿ. ನೀರಿನ ಹನಿಯೇ ಕಂಡರೆ ಸೀಲ್ ಹೋಗಿದೆ, ಹೊಸದು ತರುವುದೇ ಸರಿ. ಡಬ್ಬಿಯ ಮೇಲಿನ ಐಪಿ67 ಎಂಬುದನ್ನು ನಂಬುವಾಗ ಅದರ ಅರ್ಥ ತಿಳಿದಿರಲಿ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ, ಅಷ್ಟೇ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಆರಿದ್ರಾ, ಪುನರ್ವಸು ಮಳೆಗೆ ಅದನ್ನು ಅಳೆದಿಲ್ಲ, ವಾಟರ್ ಸರ್ವಿಸ್‌ನ ಪ್ರೆಶರ್ ಪೈಪಿಗೂ ಅಳೆದಿಲ್ಲ. ತೊಳೆಸುವಾಗ ಕ್ಯಾಮೆರಾದ ಮೇಲೆ ನೇರವಾಗಿ ಬಿಡಬೇಡಿ ಎಂದು ಹೇಳಿ. ವೈರನ್ನು ಕ್ಯಾಮೆರಾದಿಂದ ಒಮ್ಮೆ ಕೆಳಕ್ಕೆ ಬಾಗಿಸಿ ಆಮೇಲೆ ಮೇಲಕ್ಕೆ ಒಯ್ಯಿರಿ. ನೀರು ವೈರಿನ ಗುಂಟ ಬಂದು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ರಾತ್ರಿ ಮಾತ್ರ ಏನೂ ಕಾಣದಿದ್ದರೆ ರಿವರ್ಸ್ ಲೈಟಿನ ಗಾಜು ತೊಳೆಯಿರಿ. ಹಳದಿಗಟ್ಟಿದ ಗಾಜಿದ್ದರೆ ಬದಲಾಯಿಸಿ.

ಲಕ್ಷಣ: ಎಡ ಬಲ ಅದಲು ಬದಲು, ಗೆರೆಗಳು ತಪ್ಪು

ಚಿತ್ರವೇ ಇಲ್ಲದಿರುವುದಕ್ಕಿಂತ ಇದು ಅಪಾಯ. ಅಗಳ ಎಡಕ್ಕಿದ್ದರೂ ಪರದೆಯಲ್ಲಿ ಬಲಕ್ಕೆ ಕಂಡರೆ ಕೈ ತಾನಾಗಿ ತಪ್ಪು ಕಡೆ ತಿರುಗುತ್ತದೆ. ಸರಿಯಾಗುವವರೆಗೆ ಪರದೆಗೆ ಒಂದು ಬಟ್ಟೆ ಹೊದಿಸಿಬಿಡಿ.

ಪರೀಕ್ಷೆ ಸುಲಭ. ಎಂಜಿನ್ ಆರಿಸಿ, ಗಾಡಿಯ ಹಿಂಬದಿಯ ಎಡಮೂಲೆಗೆ ಒಂದು ಬಕೆಟ್ ಇಟ್ಟು ಬಂದು ನೋಡಿ. ಕನ್ನಡಿಯಲ್ಲಿ ಕಾಣುವ ಹಾಗೆಯೇ ಪರದೆಯ ಎಡಕ್ಕೇ ಅದು ಕಾಣಬೇಕು. ಇಲ್ಲದಿದ್ದರೆ ಪರದೆಯ ಮೆನು ನೋಡಿ, ಅಲ್ಲಿ ಇಲ್ಲದಿದ್ದರೆ ಕ್ಯಾಮೆರಾದ ವೈರಿನಲ್ಲಿ ಕುಣಿಕೆಯಂತೆ ಹೊರಬಂದ ಸಣ್ಣ ವೈರುಗಳನ್ನು ನೋಡಿ. ಒಂದನ್ನು ಕತ್ತರಿಸಿದರೆ ಚಿತ್ರ ಮಗುಚುತ್ತದೆ, ಇನ್ನೊಂದನ್ನು ಕತ್ತರಿಸಿದರೆ ಪಾರ್ಕಿಂಗ್ ಗೆರೆಗಳು ಹೋಗುತ್ತವೆ. ಯಾವ ಬಣ್ಣ ಯಾವುದಕ್ಕೆ ಎನ್ನುವುದು ಒಂದೊಂದು ಕ್ಯಾಮೆರಾಗೆ ಒಂದೊಂದು ರೀತಿ. ಜೊತೆಗೆ ಬಂದ ಚೀಟಿ ನೋಡದೆ ಕತ್ತರಿ ಹಾಕಬೇಡಿ, ಕತ್ತರಿಸಿದ ತುದಿಗಳನ್ನು ಬೇರೆ ಬೇರೆಯಾಗಿ ಮುಚ್ಚಿ.

ಗೆರೆಗಳನ್ನು ನಂಬುವ ಮೊದಲು ಟೇಪ್ ಹಿಡಿದು ಒಂದು ಮೀಟರ್, ಎರಡು ಮೀಟರ್ ದೂರಕ್ಕೆ ಕೋಲು ಇಟ್ಟು ಎಲ್ಲಿ ಕಾಣುತ್ತವೆ ನೋಡಿಕೊಳ್ಳಿ. ಆ ಗೆರೆಗಳು ಸಮತಟ್ಟು ನೆಲವನ್ನು ಲೆಕ್ಕಕ್ಕಿಟ್ಟು ಬರೆದವು. ನಮ್ಮಲ್ಲಿ ಸಮತಟ್ಟು ಎಲ್ಲಿದೆ? ಹಿಂದೆ ಏರು ಇದ್ದರೆ ವಸ್ತುಗಳು ಇರುವುದಕ್ಕಿಂತ ದೂರ ಕಾಣುತ್ತವೆ. ಗೆರೆ ಇನ್ನೂ ಇದೆ ಎನ್ನುವಷ್ಟರಲ್ಲಿ ಧರೆಗೆ ತಾಗಿರುತ್ತದೆ. ಇಳಿಜಾರಿದ್ದರೆ ಇದಕ್ಕೆ ವಿರುದ್ಧ. ಲೋಡ್ ಬಿದ್ದು ಹಿಂದಿನ ಸ್ಪ್ರಿಂಗ್ ಪಟ್ಟಾ ತಗ್ಗಿದಾಗಲೂ ಕ್ಯಾಮೆರಾದ ಕೋನ ಬದಲಾಗುತ್ತದೆ. ಟ್ರೇಯಿಂದ ಹೊರಚಾಚಿದ ಅಡಿಕೆ ಮರದ ದಬ್ಬೆಯನ್ನಂತೂ ಕ್ಯಾಮೆರಾ ತೋರಿಸುವುದೇ ಇಲ್ಲ.

ಲಕ್ಷಣ: ಫ್ಯೂಸ್ ಪದೇ ಪದೇ ಹೋಗುತ್ತದೆ, ಸುಟ್ಟ ವಾಸನೆ

ನಿಲ್ಲಿಸಿ. ಕೀಲಿ ತೆಗೆಯಿರಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ದೊಡ್ಡ ಫ್ಯೂಸ್ ಹಾಕಿ ನೋಡೋಣ ಎನ್ನುವುದು, ಫ್ಯೂಸಿನ ಜಾಗಕ್ಕೆ ವೈರ್ ಸುತ್ತುವುದು, ಗಾಡಿ ಸುಟ್ಟುಕೊಳ್ಳುವ ದಾರಿ. ಸಾದಾ ಕ್ಯಾಮೆರಾ ಎಳೆಯುವುದು ಕಾಲು ಆಂಪಿಯರಿಗೂ ಕಡಿಮೆ. ಒಂದು ಆಂಪಿಯರ್ ಫ್ಯೂಸ್ ಹೋಯಿತೆಂದರೆ ವೈರ್ ಎಲ್ಲೋ ಬಾಡಿಯ ಲೋಹಕ್ಕೆ ತಾಗಿದೆ. ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ಹಾದುಹೋದ ಜಾಗ, ಡೋರಿನ ಕೀಲು, ಸೈಲೆನ್ಸರಿನ ಪಕ್ಕ ಮೊದಲು ನೋಡಿ. ಒಂದೇ ಕಡೆ ಗಾಯವಿದ್ದರೆ ಸರಿಪಡಿಸಿ ಸ್ಲೀವ್ ಹಾಕಿ. ವೈರುಗಳ ಕಟ್ಟೇ ಕರಗಿ ಒಂದಕ್ಕೊಂದು ಅಂಟಿದ್ದರೆ ಮುಂದೆ ಕೈ ಹಾಕದೆ, ಗಾಡಿಯನ್ನು ಚಾಲೂ ಮಾಡದೆ, ಎಲೆಕ್ಟ್ರಿಷಿಯನ್ನನ್ನು ಮನೆಗೇ ಕರೆಸಿ.

ಪಿಕಪ್‌ನ ಕ್ಯಾಮೆರಾವನ್ನು ಲಾರಿಗೆ ವರ್ಗಾಯಿಸುವವರಿಗೂ ಒಂದು ಮಾತು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಬರಿಯ 12 ವೋಲ್ಟಿನ ಕ್ಯಾಮೆರಾ ಅಲ್ಲಿ ಸುಟ್ಟುಹೋಗುತ್ತದೆ. ಪಟ್ಟಿಯ ಮೇಲೆ 12–24 ಎಂದಿದ್ದರೆ ಮಾತ್ರ ಹಾಕಿ.

ಎಲೆಕ್ಟ್ರಿಷಿಯನ್ ಬಳಿ ಹೋಗುವುದಾದರೆ

‘ಕ್ಯಾಮೆರಾ ಕೆಟ್ಟಿದೆ’ ಎನ್ನಬೇಡಿ. ರಿವರ್ಸ್ ಲೈಟ್ ಉರಿಯುತ್ತದೆಯೇ, ಎಂಜಿನ್ ಆರಿಸಿದಾಗ ಚಿತ್ರ ಹೇಗಿರುತ್ತದೆ, ಮಳೆಯಲ್ಲಿ ಹೆಚ್ಚೋ ಗುಂಡಿಯಲ್ಲಿ ಹೆಚ್ಚೋ ಎಂದು ಹೇಳಿ. ಇಷ್ಟು ಹೇಳಿದರೆ ಅರ್ಧ ದಿನದ ಹುಡುಕಾಟ ಅರ್ಧ ಗಂಟೆಗೆ ಇಳಿಯುತ್ತದೆ, ಕೂಲಿಯೂ ಇಳಿಯುತ್ತದೆ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಳ್ಳಿ.

ಸರಿಯಾಯಿತು ಎಂದು ಹಣ ಕೊಡುವ ಮೊದಲು ಎಂಜಿನ್ ಆರಿಸಿ, ರಿವರ್ಸ್ ಗೇರಿನಲ್ಲಿಟ್ಟು, ಹಿಂಬದಿಗೆ ಎರಡು ಬಕೆಟ್ ನೀರು ಹೊಯ್ಯಿರಿ. ಇಂಡಿಕೇಟರ್ ಹಾಕಿ, ಬ್ರೇಕ್ ಒತ್ತಿ, ಹಿಂದಿನ ಡೋರನ್ನು ನಾಲ್ಕು ಸಲ ಬೀಳಿಸಿ ಎತ್ತಿ. ಪ್ರತಿ ಸಲವೂ ಪರದೆ ನೋಡಿ. ಮನೆಗೆ ಹೋದ ಮೇಲೆ ಮಕ್ಕಳನ್ನು ಜಗುಲಿಯ ಮೇಲೆ ಕೂರಿಸಿ, ಒಬ್ಬರನ್ನು ಬದಿಗೆ ನಿಲ್ಲಿಸಿಕೊಂಡು, ದಣಪೆಯಿಂದ ಅಂಗಳದವರೆಗೆ ಒಮ್ಮೆ ನಿಧಾನವಾಗಿ ಹಿಂದಕ್ಕೆ ಬನ್ನಿ.